ಕಾಯುವ ಹೊತ್ತು ಯಾರದು?

(ಉಪನ್ಯಾಸದ ಬರಹರೂಪ)



ಬೆಂಗಳೂರಿನಿಂದ ಮಂಗಳೂರಿಗೆ ಹಾರಲು ವಿಮಾನಕ್ಕೆ ಹೆಚ್ಚುಕಡಿಮೆ ಒಂದು ಗಂಟೆ ಸಾಕು. ಆದರೆ ಜಯನಗರದ ಮನೆಯಿಂದ ಹೊರಟವರು ಬಜಪೆಯಲ್ಲಿ ಇಳಿಯುವ ಹೊತ್ತಿಗೆ ಅರ್ಧ ದಿನ ಸಂದಿರುತ್ತದೆ. ದೇವನಹಳ್ಳಿ ರಸ್ತೆಯಲ್ಲಿ ವಾಹನಗಳ ಸಾಲು ಸಿಕ್ಕೀತೆಂದು ಬೇಗ ಹೊರಡಬೇಕು. ಬಾಗಿಲಲ್ಲಿ ಟಿಕೆಟ್ ತೋರಿಸಬೇಕು, ಚೀಲ ಒಪ್ಪಿಸಬೇಕು, ತಪಾಸಣೆಗೆ ಕೈ ಚಾಚಿ ನಿಲ್ಲಬೇಕು. ಇಷ್ಟೆಲ್ಲ ಮುಗಿಸಿ ಒಳಗೆ ಹೋಗಿ ಕುಳಿತರೆ ವಿಮಾನ ಹೊರಡಲು ಇನ್ನೂ ಒಂದೂವರೆ ಗಂಟೆ. ಆಕಾಶದಲ್ಲಿ ಉಳಿಸಿದ ಸಮಯವನ್ನು ನೆಲದ ಮೇಲೆ ಕಟ್ಟಿ ಬರುವುದೆಂದರೆ ಇದೇ.

ಈ ಒಂದೂವರೆ ಗಂಟೆ ಪ್ರಯಾಣಿಕನದು ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಅದರ ಇತಿಹಾಸ ಕೆದಕಿದರೆ ಬೇರೆಯೇ ಚಿತ್ರ ಕಾಣುತ್ತದೆ. ಜನ ಕಾದು ಕುಳಿತ ಕಡೆಯೆಲ್ಲ ಆ ಹೊತ್ತಿನ ಮೇಲೆ ಯಾರೋ ಒಬ್ಬರು ಕಣ್ಣಿಟ್ಟಿದ್ದಾರೆ. ಒಮ್ಮೆ ಪುಸ್ತಕ ಮಾರುವವನು, ಒಮ್ಮೆ ಮದ್ಯ ಮಾರುವವನು, ಒಮ್ಮೆ ಪೊಲೀಸು.

ವಿಮಾನಯಾನದ ಮೊದಲ ದಿನಗಳಲ್ಲಿ ಕಾಯುವಿಕೆ ಈ ಪರಿಯಲ್ಲಿ ಇರಲಿಲ್ಲ. ವಿಮಾನಗಳು ಚಿಕ್ಕವು, ಪ್ರಯಾಣಿಕರು ಕೆಲವೇ ಮಂದಿ. ಬಹಳಷ್ಟು ಕಡೆ ಬೀಳ್ಕೊಡಲು ಬಂದ ನೆಂಟರು ವಿಮಾನದ ಹತ್ತಿರದವರೆಗೂ ಹೋಗಿ ಕೈಬೀಸುತ್ತಿದ್ದರು. ಈ ಸಲಿಗೆಗೆ ಕುತ್ತು ಬಂದದ್ದು ವಿಮಾನ ಅಪಹರಣಗಳಿಂದ. 1960ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಅಪಹರಣ ಒಂದು ಸಾಂಕ್ರಾಮಿಕ ರೋಗದಂತೆ ಹಬ್ಬಿತು. 1973ರ ಜನವರಿಯಿಂದ ಅಲ್ಲಿ ಪ್ರತಿಯೊಬ್ಬ ಪ್ರಯಾಣಿಕನ, ಪ್ರತಿಯೊಂದು ಕೈಚೀಲದ ತಪಾಸಣೆ ಕಡ್ಡಾಯವಾಯಿತು. ಭಾರತಕ್ಕೂ ಈ ಬಿಸಿ ತಟ್ಟಿತು. 1971ರ ಜನವರಿಯಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ‘ಗಂಗಾ’ ವಿಮಾನವನ್ನು ಲಾಹೋರಿಗೆ ಒಯ್ದರು, ಬಳಿಕ ಅದನ್ನು ಸುಡಲಾಯಿತು. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ವಿಮಾನ ಕಂದಹಾರ್ ಸೇರಿತು. ಇದರ ಬೆನ್ನಿಗೇ 2000ದಿಂದ ವಿಮಾನ ನಿಲ್ದಾಣಗಳ ಕಾವಲು ಒಂದೊಂದಾಗಿ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಕೈಗೆ ಬಂತು. 2001ರ ಸೆಪ್ಟೆಂಬರಿನ ನ್ಯೂಯಾರ್ಕ್ ದಾಳಿಯ ನಂತರ ಸಾಲುಗಳು ಇನ್ನಷ್ಟು ಉದ್ದವಾದವು. 2006ರಲ್ಲಿ ದ್ರವ ಸ್ಫೋಟಕದ ಸಂಚು ಲಂಡನ್ನಿನಲ್ಲಿ ಬಯಲಾದ ಮೇಲೆ ನೀರಿನ ಬಾಟಲಿಯೂ ಸಂಶಯದ ವಸ್ತುವಾಯಿತು.

ಬೆಂಗಳೂರಿನವರಿಗೆ ಇನ್ನೂ ಒಂದು ಕಾರಣ ಸೇರಿಕೊಂಡಿತು. 2008ರ ಮೇ ತಿಂಗಳವರೆಗೆ ಎಚ್ಎಎಲ್ ವಿಮಾನ ನಿಲ್ದಾಣ ಊರೊಳಗೇ ಇತ್ತು. ಆ ಬಳಿಕ ದೇವನಹಳ್ಳಿಗೆ ಹೋಗಬೇಕಾಯಿತು. ದೂರ ಹೆಚ್ಚಿದಂತೆ ‘ಎಲ್ಲಿ ತಪ್ಪಿಹೋದೀತೋ’ ಎಂಬ ಅಳುಕೂ ಹೆಚ್ಚಿತು. ಅಳುಕು ಹೆಚ್ಚಿದಷ್ಟೂ ಜನ ಬೇಗ ಹೊರಡುತ್ತಾರೆ. ಬೇಗ ಹೊರಟಷ್ಟೂ ಕಾಯುತ್ತಾರೆ.

ಕಾಯುವ ಪ್ರಯಾಣಿಕನನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಸೃಷ್ಟಿಸಿದ್ದು ವಿಮಾನವಲ್ಲ, ರೈಲು. ಎತ್ತಿನ ಗಾಡಿಗೆ ಯಾರೂ ಕಾಯುತ್ತಿರಲಿಲ್ಲ, ಗಾಡಿಯೇ ಯಜಮಾನನಿಗೆ ಕಾಯುತ್ತಿತ್ತು. 1853ರಲ್ಲಿ ಮುಂಬಯಿಯಿಂದ ಠಾಣೆಗೆ ರೈಲು ಓಡಿದ ಮೇಲೆ ಈ ಕ್ರಮ ತಿರುಗುಮುರುಗಾಯಿತು. ಕಾಯುವ ಜನರ ನಡುವೆ ವ್ಯಾಪಾರದ ದಾರಿ ಕಂಡದ್ದು ಪುಸ್ತಕದವರು. ಅಲಹಾಬಾದಿನಲ್ಲಿ 1877ರಲ್ಲಿ ಶುರುವಾದ ಎ.ಎಚ್. ವೀಲರ್ ಸಂಸ್ಥೆ ಉತ್ತರದ ರೈಲು ನಿಲ್ದಾಣಗಳಲ್ಲಿ ಪುಸ್ತಕದ ಅಂಗಡಿ ಇಟ್ಟಿತು. ದಕ್ಷಿಣದಲ್ಲಿ ಆ ಕೆಲಸ ಮಾಡಿದ್ದು ಮದರಾಸಿನ ಹಿಗಿನ್‌ಬಾಥಮ್ಸ್. ವೀಲರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 1888ರಲ್ಲಿ ‘ಇಂಡಿಯನ್ ರೈಲ್ವೆ ಲೈಬ್ರರಿ’ ಎಂಬ ಮಾಲೆಯನ್ನೇ ಹೊರಡಿಸಿತು. ಒಂದೊಂದು ಪುಸ್ತಕಕ್ಕೆ ಒಂದು ರೂಪಾಯಿ. ಆಗ ಇಪ್ಪತ್ತೆರಡರ ಹರೆಯದ ಪತ್ರಕರ್ತನಾಗಿದ್ದ ರಡ್ಯಾರ್ಡ್ ಕಿಪ್ಲಿಂಗ್‌ನ ಕಥೆಗಳು ಊರೂರಿಗೆ ತಲುಪಿದ್ದು ಈ ಮಾಲೆಯಿಂದ. ಕಾಯುವ ಬೇಸರ ಒಬ್ಬ ಲೇಖಕನನ್ನು ಜಗತ್ತಿಗೆ ಪರಿಚಯಿಸಿತೆಂದರೆ ಉತ್ಪ್ರೇಕ್ಷೆಯಾಗದು.

ಪೆಂಗ್ವಿನ್ ಪುಸ್ತಕಗಳ ಹುಟ್ಟಿನ ಕಥೆಯೂ ಇದೇ ಬಗೆಯದು. ಪ್ರಕಾಶಕ ಅಲೆನ್ ಲೇನ್ 1934ರಲ್ಲಿ ಅಗಾಥಾ ಕ್ರಿಸ್ಟಿಯ ಮನೆಯಿಂದ ಮರಳುತ್ತಾ ಇಂಗ್ಲೆಂಡಿನ ಎಕ್ಸೆಟರ್ ನಿಲ್ದಾಣದಲ್ಲಿ ರೈಲಿಗೆ ಕಾಯುತ್ತಿದ್ದ. ಅಂಗಡಿಯಲ್ಲಿ ಓದಲು ಯೋಗ್ಯವಾದದ್ದು ಒಂದೂ ಸಿಗಲಿಲ್ಲ. ಮರುವರ್ಷವೇ ಆರು ಪೆನ್ಸಿನ ಹತ್ತು ಪುಸ್ತಕಗಳನ್ನು ಅಚ್ಚುಹಾಕಿಸಿದ. ಒಂದು ಸಿಗರೇಟ್ ಪೊಟ್ಟಣದ ಬೆಲೆಗೆ ಒಳ್ಳೆಯ ಪುಸ್ತಕ!

ಇದರ ಎದುರಿಗೆ ಇನ್ನೊಂದು ದಾರಿಯೂ ಇತ್ತು. ಕಾಯುವವನಿಗೆ ಏನನ್ನಾದರೂ ಮಾರುವುದು ಒಂದು ಬಗೆ. ಅವನಿಗೆ ಸುಮ್ಮನೆ ನೆರಳು ಕೊಡುವುದು ಮತ್ತೊಂದು. ದಾರಿಯಲ್ಲಿ ಅರವಟ್ಟಿಗೆ ಇಡುವುದು, ಛತ್ರ ಕಟ್ಟಿಸುವುದು ಕನ್ನಡ ನಾಡಿನಲ್ಲಿ ಪುಣ್ಯದ ಕೆಲಸವೆನಿಸಿತ್ತು. ಬೆಂಗಳೂರಿನ ಸಿಟಿ ರೈಲು ನಿಲ್ದಾಣದ ಎದುರು ಗುಬ್ಬಿ ತೋಟದಪ್ಪನವರ ಛತ್ರ 1903ರಲ್ಲಿ ತಲೆಯೆತ್ತಿದ್ದು ಆ ಪರಂಪರೆಯಲ್ಲೇ. ರೈಲು ಹೊಸತು, ಛತ್ರದ ಕಲ್ಪನೆ ಹಳೆಯದು. ವಿಮಾನ ನಿಲ್ದಾಣದ ಎದುರು ಅಂಥದೊಂದು ಧರ್ಮಛತ್ರ ಕಟ್ಟಿಸಬೇಕೆಂದು ಯಾವ ಧನಿಕರಿಗೂ ಹೊಳೆದಂತೆ ಕಾಣುವುದಿಲ್ಲ.

ರೈಲಿನ ಕಾಲದ ಕಾಯುವಿಕೆಯಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದದ್ದು 1893ರ ಜೂನ್ 7ರ ರಾತ್ರಿಯದು. ದಕ್ಷಿಣ ಆಫ್ರಿಕದ ಪೀಟರ್‌ಮಾರಿಟ್ಸ್‌ಬರ್ಗ್‌ನಲ್ಲಿ ಮೊದಲ ದರ್ಜೆಯ ಟಿಕೆಟ್ ಇದ್ದರೂ ಮೋಹನದಾಸ ಗಾಂಧಿ ಎಂಬ ಯುವ ವಕೀಲನನ್ನು ರೈಲಿನಿಂದ ಹೊರದಬ್ಬಿದರು. ಆ ಪ್ರದೇಶದಲ್ಲಿ ಅದು ಚಳಿಗಾಲ. ನಿರೀಕ್ಷಣಾ ಕೊಠಡಿಯಲ್ಲಿ ದೀಪವಿರಲಿಲ್ಲ. ಕೋಟು ಸಾಮಾನಿನ ಜೊತೆ ರೈಲ್ವೆಯವರ ವಶದಲ್ಲಿತ್ತು. ಕೇಳಿದರೆ ಮತ್ತೆ ಅವಮಾನವಾದೀತೆಂದು ಕೇಳಲಿಲ್ಲ. ಊರಿಗೆ ಮರಳುವುದೋ, ಅವಮಾನ ನುಂಗಿ ಪ್ರಿಟೋರಿಯಕ್ಕೆ ಹೋಗಿ ಮೊಕದ್ದಮೆ ಮುಗಿಸುವುದೋ, ಇಲ್ಲೇ ನಿಂತು ಈ ವರ್ಣದ್ವೇಷದ ಬೇರಿಗೆ ಕೈಹಾಕುವುದೋ ಎಂದು ನಡುಗುತ್ತಾ ಯೋಚಿಸಿದರು. ಬೆಳಿಗ್ಗೆ ರೈಲ್ವೆ ಜನರಲ್ ಮ್ಯಾನೇಜರಿಗೆ ಉದ್ದನೆಯ ತಂತಿ ಕಳಿಸಿದರು, ತಮ್ಮ ಕಕ್ಷಿದಾರ ಅಬ್ದುಲ್ಲಾ ಸೇಠರಿಗೂ ತಿಳಿಸಿದರು. ಹಗಲೆಲ್ಲ ಆ ಊರಿನ ಭಾರತೀಯ ವರ್ತಕರು ನಿಲ್ದಾಣಕ್ಕೆ ಬಂದು ತಮ್ಮ ತಮ್ಮ ಕಷ್ಟ ಹೇಳಿಕೊಂಡರು. ಮುಂದಿನ ರೈಲು ಇದ್ದದ್ದು ಸಂಜೆಗೆ. ಆ ಹೋರಾಟದ ಮೊದಲ ಅಹವಾಲುಗಳನ್ನು ಅವರು ಕೇಳಿಸಿಕೊಂಡದ್ದು ರೈಲಿಗೆ ಕಾಯುತ್ತಿದ್ದ ಆ ಬಿಡುವಿನಲ್ಲಿ.

ಇನ್ನು ವಿಮಾನಕ್ಕೆ ಬರೋಣ. ವಿಮಾನ ನಿಲ್ದಾಣದ ಕಾಯುವಿಕೆಗೆ ಇಂದಿನ ರೂಪ ಕೊಟ್ಟ ಜಾಗ ಲಂಡನ್ನೂ ಅಲ್ಲ, ನ್ಯೂಯಾರ್ಕೂ ಅಲ್ಲ. ಐರ್ಲೆಂಡಿನ ಪಶ್ಚಿಮ ಮೂಲೆಯ ಶಾನನ್ ನದಿಯ ದಡ. ಆ ದಡದ ಫಾಯ್ನ್ಸ್ ಎಂಬ ಪುಟ್ಟ ಊರಿನಲ್ಲಿ 1939ರಿಂದ ‘ಹಾರುವ ದೋಣಿ’ಗಳು, ಅಂದರೆ ನೀರಿನ ಮೇಲೆ ಇಳಿಯುವ ವಿಮಾನಗಳು, ಅಟ್ಲಾಂಟಿಕ್ ದಾಟಲು ಸಜ್ಜಾಗುತ್ತಿದ್ದವು. ಹವಾಮಾನ ಕೆಟ್ಟರೆ ಕಾಯಬೇಕು. ಕೆಲವೊಮ್ಮೆ ಗಂಟೆಗಟ್ಟಲೆ ಹಾರಿದ ಮೇಲೂ ಎದುರುಗಾಳಿಗೆ ಸೋತು ಹಿಂದಿರುಗಬೇಕು. ಯುದ್ಧಕಾಲದ ಅಂಥದೊಂದು ಚಳಿಯ ರಾತ್ರಿ ಮರಳಿ ಬಂದ ಪ್ರಯಾಣಿಕರಿಗಾಗಿ ಅಲ್ಲಿನ ಬಾಣಸಿಗ ಜೋ ಶೆರಿಡನ್ ಕಾಫಿಗೆ ವಿಸ್ಕಿ ಬೆರೆಸಿ, ಮೇಲೆ ಕೆನೆ ಹಾಕಿ ಕೊಟ್ಟ. ‘ಐರಿಶ್ ಕಾಫಿ’ ಹುಟ್ಟಿದ್ದು ಹೀಗೆ ಎಂದು ಅಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ಅದನ್ನು ಕುಡಿದು ಮೆಚ್ಚಿದ ಸ್ಯಾನ್ ಫ್ರಾನ್ಸಿಸ್ಕೋದ ಅಂಕಣಕಾರ ಸ್ಟಾಂಟನ್ ಡೆಲಾಪ್ಲೇನ್ 1952ರಲ್ಲಿ ತನ್ನ ಊರಿಗೂ ಒಯ್ದ. ಪತ್ರಕರ್ತರಿಗೆ ಕಾಯುವ ಹೊತ್ತಿನಲ್ಲಿ ಸಿಕ್ಕಿದ್ದು ಬರೀ ಸುದ್ದಿಯಲ್ಲ!

ಯುದ್ಧ ಮುಗಿಯುತ್ತಲೇ ಹಾರುವ ದೋಣಿಗಳ ಕಾಲ ಮುಗಿಯಿತು. ನದಿಯ ಆಚೆ ದಡದಲ್ಲಿ ಶಾನನ್ ವಿಮಾನ ನಿಲ್ದಾಣ ಬೆಳೆಯಿತು. ಅಂದಿನ ವಿಮಾನಗಳಿಗೆ ಒಂದೇ ಉಸಿರಿಗೆ ಯುರೋಪಿನ ಒಳನಾಡಿನಿಂದ ಅಮೆರಿಕಕ್ಕೆ ಹಾರುವ ಶಕ್ತಿಯಿರಲಿಲ್ಲ. ಶಾನನ್‌ನಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳಬೇಕಿತ್ತು. ಆ ಹೊತ್ತಿನಲ್ಲಿ ಪ್ರಯಾಣಿಕರೆಲ್ಲ ಇಳಿದು ಕೂರುತ್ತಿದ್ದರು. ಊಟೋಪಚಾರದ ಮೇಲ್ವಿಚಾರಕ ಬ್ರೆಂಡನ್ ಓರೀಗನ್‌ಗೆ ಒಂದು ಯೋಚನೆ ಬಂತು. ಈ ಜನ ಐರ್ಲೆಂಡಿನ ನೆಲದ ಮೇಲೆ ಕುಳಿತಿದ್ದಾರೆ ನಿಜ. ಆದರೆ ಕಾನೂನಿನ ಕಣ್ಣಲ್ಲಿ ದೇಶದೊಳಕ್ಕೆ ಬಂದೇ ಇಲ್ಲ. ಹಾಗಾದರೆ ಅವರು ಕೊಳ್ಳುವ ಮದ್ಯಕ್ಕೆ, ಸಿಗರೇಟಿಗೆ ಐರ್ಲೆಂಡಿನ ತೆರಿಗೆ ಏಕೆ? ಸರ್ಕಾರ ಒಪ್ಪಿತು, 1947ರಲ್ಲಿ ಕಾನೂನಾಯಿತು. ಹಡಗಿನ ಕಟ್ಟೆಯಷ್ಟು ಅಗಲವೂ ಇಲ್ಲದ ಒಂದು ಗೂಡಂಗಡಿಯಿಂದ ಶುರುವಾದದ್ದು ಇವತ್ತು ಲೋಕವಿಡೀ ಹಬ್ಬಿರುವ ‘ಡ್ಯೂಟಿ ಫ್ರೀ’ ವ್ಯಾಪಾರ.

ಮುಂದೆ ಜೆಟ್ ವಿಮಾನಗಳು ಬಂದು ಶಾನನ್‌ನಲ್ಲಿ ಇಳಿಯುವ ಅಗತ್ಯವೇ ಕಡಿಮೆಯಾಯಿತು. ಕಾಯುವವರು ಇಲ್ಲದ ಮೇಲೆ ಮಾರುವುದು ಯಾರಿಗೆ? ಓರೀಗನ್ ಎದೆಗುಂದದೆ 1959ರಲ್ಲಿ ನಿಲ್ದಾಣದ ಪಕ್ಕದಲ್ಲೇ ಕೈಗಾರಿಕೆಗಳಿಗೆ ತೆರಿಗೆ ರಿಯಾಯಿತಿಯ ವಲಯ ಮಾಡಿಸಿದ. ಅಂಗಡಿಯ ವಿದ್ಯೆಯೂ ವ್ಯರ್ಥವಾಗಲಿಲ್ಲ. 1983ರಲ್ಲಿ ದುಬೈ ತನ್ನ ನಿಲ್ದಾಣದಲ್ಲಿ ಸುಂಕರಹಿತ ಮಳಿಗೆ ತೆರೆಯಲು ಹೊರಟಾಗ ಕರೆಸಿಕೊಂಡದ್ದು ಐರ್ಲೆಂಡಿನವರನ್ನೇ. ಅವರಲ್ಲಿ ಒಬ್ಬರಾದ ಕಾಮ್ ಮೆಕ್‌ಲಾಕ್ಲಿನ್ ಅಲ್ಲೇ ಉಳಿದು ದಶಕಗಳ ಕಾಲ ಆ ಮಳಿಗೆಯನ್ನು ನಡೆಸಿದರು. ಅಮೆರಿಕದ ಮಗಳ ಮನೆಗೆ ದುಬೈ ಮಾರ್ಗವಾಗಿ ಹೋಗುವ ಮೈಸೂರಿನ ಅಜ್ಜಿ ಕಣ್ಣರಳಿಸಿ ನೋಡುವ ಆ ಝಗಮಗದ ಅಂಗಡಿ ಬೀದಿಯ ಮೂಲ ಫಾಯ್ನ್ಸ್‌ನ ಮಂಜಿನಲ್ಲಿದೆ.

ದುಬೈ ಎಂದಾಗ ಕರಾವಳಿಯವರ ನೆನಪಾಗದೆ ಇರದು. ಬಜಪೆಯಲ್ಲಿ 1951ರಲ್ಲೇ ವಿಮಾನ ಇಳಿದಿತ್ತು, ಆದರೆ ಅಲ್ಲಿಂದ ನೇರವಾಗಿ ಗಲ್ಫಿಗೆ ಹಾರಲು ಸಾಧ್ಯವಾದದ್ದು 2006ರಲ್ಲಿ. ಅಲ್ಲಿಯವರೆಗೆ ಮಂಗಳೂರು, ಉಡುಪಿ, ಭಟ್ಕಳದ ಹುಡುಗರು ರಾತ್ರಿ ಬಸ್ಸು ಹಿಡಿದು ಮುಂಬಯಿಗೆ ಹೋಗಿ, ಸಹಾರ್ ವಿಮಾನ ನಿಲ್ದಾಣದಲ್ಲಿ ಕಾಯಬೇಕಿತ್ತು. ಕಿಸೆಯಲ್ಲಿ ಸಾಲದ ಹಣ, ಕೈಯಲ್ಲಿ ವೀಸಾದ ಪ್ರತಿ, ಎದೆಯಲ್ಲಿ ಢವಢವ. ಆಗೆಲ್ಲ ದೇಶ ಬಿಡುವ ಪ್ರತಿಯೊಬ್ಬರೂ ನಿರ್ಗಮನ ಚೀಟಿ ತುಂಬಬೇಕಿತ್ತು. ಇಂಗ್ಲಿಷ್ ಬಾರದವರು ಪೆನ್ನು ಇರುವವರ ಮುಖ ಹುಡುಕುತ್ತಿದ್ದರು. ‘ಸಾರ್, ಸ್ವಲ್ಪ ಇದೊಂದು ತುಂಬಿಸಿ ಕೊಡ್ತೀರಾ?’ ಒಬ್ಬರಿಗೆ ಬರೆದುಕೊಟ್ಟರೆ ಹಿಂದೆ ನಾಲ್ಕು ಪಾಸ್‌ಪೋರ್ಟುಗಳು ಚಾಚಿಕೊಳ್ಳುತ್ತಿದ್ದವು. ಯಾವ ಊರು, ಯಾರ ಪೈಕಿ, ಅಲ್ಲಿ ಏನು ಕೆಲಸ ಎಂದು ಮಾತು ಬೆಳೆಯುತ್ತಿತ್ತು. 2017ರ ಜುಲೈಯಿಂದ ಆ ಚೀಟಿ ರದ್ದಾಯಿತು. ಒಳ್ಳೆಯದೇ ಆಯಿತು, ಆದರೆ ಅಪರಿಚಿತರು ಮಾತಿಗೆ ತೊಡಗಲು ಇದ್ದ ಒಂದು ನೆಪವೂ ಅದರೊಂದಿಗೆ ಹೋಯಿತು.

ಕಾಯುವುದು ಏಕೆ ಅಷ್ಟು ಕಷ್ಟ? ಅಮೆರಿಕದ ಡೇವಿಡ್ ಮೈಸ್ಟರ್ 1985ರಲ್ಲಿ ಸರದಿ ಸಾಲುಗಳ ಮನಶ್ಶಾಸ್ತ್ರದ ಬಗ್ಗೆ ಬರೆದ ಪ್ರಬಂಧದಲ್ಲಿ ಇದನ್ನು ಚೆನ್ನಾಗಿ ಬಿಡಿಸಿದ್ದಾರೆ. ಕೈಗೆ ಕೆಲಸವಿಲ್ಲದ ಹೊತ್ತು ಕೆಲಸವಿರುವ ಹೊತ್ತಿಗಿಂತ ದೀರ್ಘವೆನಿಸುತ್ತದೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲದ ಕಾಯುವಿಕೆ ಗೊತ್ತಿರುವುದಕ್ಕಿಂತ ಭಾರ. ಕಾರಣ ಹೇಳದೆ ಕಾಯಿಸಿದರೆ ಸಿಟ್ಟು, ತನ್ನ ಹಿಂದಿನವನನ್ನು ಮುಂದೆ ಬಿಟ್ಟರೆ ಇನ್ನೂ ಸಿಟ್ಟು. ನ್ಯಾಯಬೆಲೆ ಅಂಗಡಿಯ ಮುಂದೆ ನಿಂತವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ, ಆದರೂ ಶಾಸ್ತ್ರವಾಗಿ ಬರೆದದ್ದು ಉಪಯುಕ್ತ. ಅಮೆರಿಕದ ಹ್ಯೂಸ್ಟನ್ ವಿಮಾನ ನಿಲ್ದಾಣದ ಒಂದು ಪ್ರಸಂಗವನ್ನು ಈ ಸಂಬಂಧದಲ್ಲಿ ಹೇಳುವುದುಂಟು. ಚೀಲ ತಡವಾಗಿ ಬರುತ್ತದೆಂದು ದೂರುಗಳು ಹೆಚ್ಚಾದಾಗ ಆಡಳಿತ ಕೆಲಸಗಾರರನ್ನು ಹೆಚ್ಚಿಸಿತು, ದೂರು ನಿಲ್ಲಲಿಲ್ಲ. ಕೊನೆಗೆ ಚೀಲ ಪಡೆಯುವ ಜಾಗವನ್ನೇ ದೂರಕ್ಕೆ ಸರಿಸಿತು. ಅಲ್ಲಿಗೆ ನಡೆದು ತಲುಪುವಷ್ಟರಲ್ಲಿ ಚೀಲವೂ ಬಂದಿರುತ್ತಿತ್ತು. ದೂರುಗಳು ಬಹುತೇಕ ನಿಂತವು. ಪ್ರಯಾಣಿಕನಿಗೆ ಒಂದು ನಿಮಿಷವೂ ಉಳಿತಾಯವಾಗಲಿಲ್ಲ ಎನ್ನುವುದನ್ನು ಮರೆಯುವಂತಿಲ್ಲ.

ಈ ದೃಷ್ಟಿಯಿಂದ ನೋಡಿದರೆ ನಿಲ್ದಾಣದ ಕಾಯುವಿಕೆಯಲ್ಲಿ ಎರಡು ಭಾಗಗಳಿವೆ. ತಪಾಸಣೆ ಮುಗಿಯುವವರೆಗಿನದು ಆತಂಕದ ಹೊತ್ತು. ಅದರಲ್ಲಿ ಪುಸ್ತಕ ತೆರೆದರೆ ಅಕ್ಷರ ತಲೆಗೆ ಹತ್ತುವುದಿಲ್ಲ. ಆ ಹೊತ್ತಿಗೆ ತಕ್ಕದ್ದು ಕೈಕೆಲಸ: ಗುರುತಿನ ಚೀಟಿ ಒಂದು ಕಡೆ, ನಾಣ್ಯ, ಬೆಲ್ಟು, ಫೋನು ಇನ್ನೊಂದು ಕಡೆ ಎಂದು ಅಣಿಮಾಡಿಕೊಳ್ಳುವುದು. ತಪಾಸಣೆ ದಾಟಿದ ಮೇಲಿನದು ಬಿಡುವಿನ ಹೊತ್ತು. ಅಂಗಡಿಗಳು ಆ ಗೆರೆಯ ಆಚೆಗೇ ಒತ್ತಾಗಿ ಇರುವುದು ಆಕಸ್ಮಿಕವಲ್ಲ. ಎದೆಬಡಿತ ತಗ್ಗಿದ ಮನುಷ್ಯ ಕಿಸೆಗೆ ಕೈಹಾಕುತ್ತಾನೆಂದು ನಿಲ್ದಾಣ ಕಟ್ಟುವವರಿಗೆ ಗೊತ್ತು. ವಿಮಾನ ಇಳಿಸಿದ್ದಕ್ಕೆ ಬರುವ ಶುಲ್ಕದ ಜೊತೆಗೆ ಅಂಗಡಿ ಬಾಡಿಗೆ, ಜಾಹೀರಾತು, ವಾಹನ ನಿಲುಗಡೆಯ ಆದಾಯವೂ ಅವರಿಗೆ ಮುಖ್ಯ.

ಕಾಯುವವರಿಗೆ ಅಂಗಡಿಯಲ್ಲದೆ ಬೇರೇನನ್ನಾದರೂ ಕೊಡಬೇಕೆಂಬ ಆಲೋಚನೆಯೂ ಮೆಲ್ಲಗೆ ಬಂದಿದೆ. ಆಂಸ್ಟರ್‌ಡ್ಯಾಮ್‌ನ ಸ್ಕಿಪೋಲ್ ನಿಲ್ದಾಣದಲ್ಲಿ 2002ರಲ್ಲಿ ಡಚ್ಚರ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಶಾಖೆಯೊಂದು ತೆರೆಯಿತು, 2010ರಲ್ಲಿ ಗ್ರಂಥಾಲಯ ಬಂತು. ಸಿಂಗಪುರದ ಚಾಂಗಿಯಲ್ಲಿ 2008ರಲ್ಲಿ ಚಿಟ್ಟೆಗಳ ತೋಟ ಮಾಡಿದರು. ಐದಾರು ಗಂಟೆ ಬಿಡುವಿದ್ದವರಿಗೆ ಊರು ತೋರಿಸುವ ಉಚಿತ ಪ್ರವಾಸವೂ ಅಲ್ಲಿದೆ. ಮುಂಬಯಿಯ ಎರಡನೇ ಟರ್ಮಿನಲ್‌ನಲ್ಲಿ 2014ರಿಂದ ‘ಜಯ ಹೇ’ ಎಂಬ ಹೆಸರಿನಲ್ಲಿ ದೇಶದ ಮೂಲೆಮೂಲೆಗಳ ಸಾವಿರಾರು ಕಲಾಕೃತಿಗಳನ್ನು ಗೋಡೆಯುದ್ದಕ್ಕೂ ಜೋಡಿಸಲಾಯಿತು. ಬೆಂಗಳೂರಿನ ಎರಡನೇ ಟರ್ಮಿನಲ್ 2022ರ ನವೆಂಬರಿನಲ್ಲಿ ಉದ್ಘಾಟನೆಯಾಯಿತು. ಬಿದಿರಿನ ಚಾವಣಿ, ತೂಗುವ ಗಿಡಗಳು, ಒಳಗೇ ತೋಟ. ಇಷ್ಟೆಲ್ಲ ಇದ್ದರೂ ಹೆಚ್ಚು ಜನ ಮುತ್ತಿಕೊಳ್ಳುವುದು ಫೋನಿಗೆ ವಿದ್ಯುತ್ ತುಂಬಿಸುವ ಕಂಬದ ಸುತ್ತ.

ಚಹದ ಬೆಲೆಯೂ ಸಣ್ಣ ವಿಷಯವಲ್ಲ. ವಿಮಾನ ಏರುವವರೆಲ್ಲ ಧನಿಕರು ಎಂಬ ಕಾಲ ಹೋಗಿದೆ. ಮೇಸ್ತ್ರಿ, ನರ್ಸು, ಪರೀಕ್ಷೆಗೆ ಹೊರಟ ವಿದ್ಯಾರ್ಥಿ ಎಲ್ಲರೂ ಏರುತ್ತಾರೆ. ಹೊರಗಿನ ಹೋಟೆಲಿನ ಹತ್ತುಪಟ್ಟು ದರ ನೋಡಿ ಸುಮ್ಮನೆ ಕೂರುವವರು ಕಡಿಮೆಯಿಲ್ಲ. 2024ರ ಡಿಸೆಂಬರಿನಲ್ಲಿ ಕೋಲ್ಕತ್ತ ನಿಲ್ದಾಣದಲ್ಲಿ ಶುರುವಾದ ‘ಉಡಾನ್ ಯಾತ್ರಿ ಕೆಫೆ’ಯಲ್ಲಿ ಚಹಕ್ಕೆ ಹತ್ತು ರೂಪಾಯಿ, ಸಮೋಸಕ್ಕೆ ಇಪ್ಪತ್ತು. ತಡವಾಗಿ ಆದರೂ ಇದು ಅರವಟ್ಟಿಗೆಯ ದಿಕ್ಕಿನ ಹೆಜ್ಜೆ. ಪ್ರಯಾಣಿಕರು ತಿಳಿದಿರಬೇಕಾದ ಇನ್ನೊಂದು ನಿಯಮವಿದೆ. ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ಅಥವಾ ಹೆಚ್ಚು ತಡವಾಗುವುದಾದರೆ, ಸಮಯಕ್ಕೆ ಬಂದು ಹಾಜರಾದವರಿಗೆ ವಿಮಾನ ಸಂಸ್ಥೆ ಉಪಾಹಾರ ಕೊಡಬೇಕೆಂದು ನಾಗರಿಕ ವಿಮಾನಯಾನ ನಿರ್ದೇಶನಾಲಯದ ನಿಯಮ ಹೇಳುತ್ತದೆ. ಕೇಳಿದವರಿಗೆ ಸಿಗುತ್ತದೆ, ಸಂಕೋಚಪಟ್ಟವರಿಗೆ ಹಸಿವು.

ಕಾಯುವಿಕೆಯ ಪರಮಾವಧಿಯನ್ನು ಕಂಡವನು ಇರಾನಿನ ಮೆಹ್ರಾನ್ ಕರೀಮಿ ನಾಸ್ಸೆರಿ. ಸರಿಯಾದ ಕಾಗದಪತ್ರವಿಲ್ಲದೆ 1988ರಲ್ಲಿ ಪ್ಯಾರಿಸಿನ ಚಾರ್ಲ್ಸ್ ದ ಗಾಲ್ ನಿಲ್ದಾಣದಲ್ಲಿ ಸಿಕ್ಕಿಬಿದ್ದು 2006ರವರೆಗೆ ಅಲ್ಲೇ ಉಳಿದ. ಒಂದು ಬೆಂಚಿನ ಮೇಲೆ ಮಲಗುತ್ತಾ, ಪತ್ರಿಕೆ ಓದುತ್ತಾ, ದಿನಚರಿ ಬರೆಯುತ್ತಾ ಹದಿನೆಂಟು ವರ್ಷ. ನಡುವೆ ಕಾಗದಪತ್ರ ಸಿಕ್ಕರೂ ಹೊರಗೆ ಹೋಗಲು ಮನಸ್ಸಾಗಲಿಲ್ಲ. 2022ರಲ್ಲಿ ಮತ್ತೆ ಅದೇ ನಿಲ್ದಾಣಕ್ಕೆ ಬಂದು, ನವೆಂಬರಿನಲ್ಲಿ ಅಲ್ಲೇ ತೀರಿಕೊಂಡ.

ಕೆನಡದ ಗ್ಯಾಂಡರ್‌ನ ಕಥೆ ಬೇರೆ. 2001ರ ಸೆಪ್ಟೆಂಬರ್ 11ರಂದು ಅಮೆರಿಕ ತನ್ನ ಆಕಾಶವನ್ನು ಮುಚ್ಚಿದಾಗ 38 ದೊಡ್ಡ ವಿಮಾನಗಳು ಈ ಊರಿನಲ್ಲಿ ಇಳಿದವು. ಹತ್ತು ಸಾವಿರದಷ್ಟು ಜನಸಂಖ್ಯೆಯ ಊರಿಗೆ ಒಂದೇ ದಿನ ಆರೂವರೆ ಸಾವಿರಕ್ಕೂ ಹೆಚ್ಚು ನೆಂಟರು! ಶಾಲೆಗಳಲ್ಲಿ, ಚರ್ಚುಗಳಲ್ಲಿ ಹಾಸಿಗೆ ಹಾಸಿದರು, ಮನೆಗಳಿಂದ ಅಡುಗೆ ಬಂತು, ಸ್ನಾನಕ್ಕೆ ಮನೆಬಾಗಿಲು ತೆರೆದರು. ಅಲ್ಲಿ ಯಾರೂ ಏನನ್ನೂ ಮಾರಲಿಲ್ಲ. ಆ ನಾಲ್ಕೈದು ದಿನಗಳಲ್ಲಿ ಬೆಳೆದ ಸ್ನೇಹಗಳಲ್ಲಿ ಹಲವು ಎಷ್ಟೋ ವರ್ಷ ಉಳಿದವು.

ಎಲ್ಲರಿಗೂ ಗ್ಯಾಂಡರ್ ಸಿಗುವುದಿಲ್ಲ. ಬಿಡುವಿನ ಒಂದು ಗಂಟೆಯಲ್ಲಿ ಏನು ಮಾಡಬಹುದು ಎಂದು ಕೇಳಿದರೆ ಸುಲಭದ ಉತ್ತರ ನಡಿಗೆ. ಮುಂದೆ ಗಂಟೆಗಟ್ಟಲೆ ಕಾಲು ಮಡಚಿ ಕೂರುವುದು ಇದ್ದೇ ಇದೆ. ಟರ್ಮಿನಲ್‌ನ ಈ ತುದಿಯಿಂದ ಆ ತುದಿಗೆ ಎರಡು ಸಲ ಹೋಗಿ ಬಂದರೆ ಮೈ ಹಗುರವಾಗುತ್ತದೆ. ತಿಂಗಳುಗಟ್ಟಲೆ ಮುಂದೂಡಿದ ಪತ್ರಕ್ಕೆ ಉತ್ತರ ಬರೆಯಬಹುದು. ಮನೆಯಿಂದ ತಂದ ಪುಸ್ತಕವಂತೂ ಇರಲಿ, ಚಿತ್ರಾನ್ನದ ಡಬ್ಬಿಯೂ ಇರಲಿ. ದೇಶದೊಳಗಿನ ಹಾರಾಟಕ್ಕೆ ಅದನ್ನು ಒಯ್ಯಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಮೊದಲ ಸಲ ಹೊರಟು ಕಕ್ಕಾಬಿಕ್ಕಿಯಾದ ಹಿರಿಯರು ಪಕ್ಕದಲ್ಲಿದ್ದರೆ, ಚೀಟಿ ತುಂಬುವ ನೆಪ ಇಲ್ಲದಿದ್ದರೂ ‘ಎಲ್ಲಿಗೆ ಹೊರಟಿರಿ?’ ಎಂದು ಕೇಳಲು ಅಡ್ಡಿಯೇನು?

ಒಂದು ಎಚ್ಚರ ಮಾತ್ರ ಬೇಕು. ಗದ್ದಲ ತಗ್ಗಿಸಲೆಂದು ಹಲವು ನಿಲ್ದಾಣಗಳಲ್ಲಿ ಪ್ರತಿ ವಿಮಾನಕ್ಕೂ ಮೈಕಿನಲ್ಲಿ ಕೂಗುವುದನ್ನು ನಿಲ್ಲಿಸಿದ್ದಾರೆ. ವಿಮಾನ ಹೊರಡುವ ಇಪ್ಪತ್ತು–ಇಪ್ಪತ್ತೈದು ನಿಮಿಷ ಮೊದಲೇ ಗೇಟು ಮುಚ್ಚುತ್ತದೆ. ಗೇಟಿನ ಸಂಖ್ಯೆ ಕೊನೆಗಳಿಗೆಯಲ್ಲಿ ಬದಲಾಗುವುದೂ ಉಂಟು. ಪುಸ್ತಕದ ಅಧ್ಯಾಯ ಮುಗಿದಾಗಲೊಮ್ಮೆ ತಲೆಯೆತ್ತಿ ಪರದೆಯ ಕಡೆ ನೋಡಬೇಕು.